ಸದ್ದಿಲ್ಲದ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ ನಿಮ್ಮ ಕೋಣೆಯನ್ನು ನೋಡಿ

ಗ್ರಾಫಿಕ್ಸ್ ಕಾರ್ಡಿನ ಪುಟ್ಟ ಫ್ಯಾನ್ ಕೆಲವು ವರ್ಷ ಧೂಳು ತಿಂದ ಮೇಲೆ ಕರಕರ ಎನ್ನತೊಡಗುತ್ತದೆ. ಬೇರಿಂಗ್ ಸವೆದಿರುತ್ತದೆ, ಎಣ್ಣೆ ಬಿಟ್ಟರೆ ನಾಲ್ಕು ದಿನ ಸುಮ್ಮನಿದ್ದು ಮತ್ತೆ ಶುರುಮಾಡುತ್ತದೆ. ರಾತ್ರಿ ಕೂತು ಕೆಲಸ ಮಾಡುವವರಿಗೆ, ಮನೆಯಲ್ಲೇ ಹಾಡನ್ನೋ ಆಡಿಯೊ ಪುಸ್ತಕವನ್ನೋ ರೆಕಾರ್ಡ್ ಮಾಡುವವರಿಗೆ ಈ ಸದ್ದು ನಿಜವಾದ ತೊಂದರೆ. ಫ್ಯಾನೇ ಇಲ್ಲದ, ಬರೀ ಹೀಟ್ ಸಿಂಕ್ (ಶಾಖ ಹೀರಿ ಗಾಳಿಗೆ ಬಿಡುವ ಲೋಹದ ರೆಕ್ಕೆಗಳ ಗುಂಪು) ಮೇಲೆ ನಡೆಯುವ ಕಾರ್ಡುಗಳು ಇವರಿಗಾಗಿಯೇ ಇವೆ.

ಆದರೆ ಆ ಕಾರ್ಡ್ ಹುಟ್ಟಿಸುವ ಶಾಖ ಎಲ್ಲಿಗೂ ಮಾಯವಾಗುವುದಿಲ್ಲ. ಅದನ್ನು ಹೊರಗೆ ಸಾಗಿಸುವ ಕೆಲಸ ಕಾರ್ಡಿನ ಹೆಗಲಿನಿಂದ ಇಳಿದು ನಿಮ್ಮ ಕಂಪ್ಯೂಟರ್ ಕ್ಯಾಬಿನೆಟ್ ಮತ್ತು ಕೋಣೆಯ ಹೆಗಲಿಗೆ ಬರುತ್ತದೆ. ಹಾಗಾಗಿ ಅಂಗಡಿಯಲ್ಲಿ ಯಾವ ಕಾರ್ಡ್ ಇದೆ ಎಂದು ಹುಡುಕುವ ಮೊದಲು, ನಿಮ್ಮ ಕೋಣೆ ಎಷ್ಟು ವ್ಯಾಟ್ ಶಾಖವನ್ನು ಸುಮ್ಮನೆ ತಾಳಿಕೊಳ್ಳಬಲ್ಲದು ಎಂಬುದನ್ನು ತಿಳಿದುಕೊಳ್ಳಬೇಕು. ಕೆಳಗಿನ ಹೆಜ್ಜೆಗಳು ಅದೇ ಕ್ರಮದಲ್ಲಿವೆ.

ಮೊದಲ ಹೆಜ್ಜೆ: ಕಾರ್ಡ್ ಬೇಕೇ ಎಂದು ಕೇಳಿಕೊಳ್ಳಿ

ಪತ್ರ ಬರೆಯುವುದು, ಲೆಕ್ಕ, ವಿಡಿಯೊ ನೋಡುವುದು, ಎರಡು ಮಾನಿಟರ್ ಜೋಡಿಸುವುದು ಇಷ್ಟೇ ನಿಮ್ಮ ಕೆಲಸವಾದರೆ, ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಸಾಕು. ಅದಕ್ಕಿಂತ ಸದ್ದಿಲ್ಲದ ಗ್ರಾಫಿಕ್ಸ್ ಇನ್ನೊಂದಿಲ್ಲ, ಅದಕ್ಕೆ ಬೇರೆ ದುಡ್ಡೂ ಇಲ್ಲ. ಇಂಟೆಲ್‌ನ 11ನೇ ತಲೆಮಾರಿನಿಂದೀಚೆಗಿನ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್, ಯೂಟ್ಯೂಬ್ ಬಳಸುವ ಎವಿ1 ಎಂಬ ಹೊಸ ಬಗೆಯ ವಿಡಿಯೊವನ್ನೂ ತಾನೇ ಬಿಡಿಸಿ ತೋರಿಸುತ್ತದೆ. ಫ್ಯಾನ್ ಇಲ್ಲದ ಹಳೆಯ ಅಗ್ಗದ ಕಾರ್ಡುಗಳಿಗೆ ಅದು ಬಾರದು. ಅಂದರೆ ಇಂಥ ಯಂತ್ರಕ್ಕೆ ಜಿಟಿ 710ರಂಥ ಹಳೆಯ ಕಾರ್ಡ್ ಹಾಕಿಸಿದರೆ ದುಡ್ಡು ಕೊಟ್ಟು ಹಿಂದಕ್ಕೆ ಹೋದಂತೆ.

ನಿಮ್ಮ ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡಿ. ಇಂಟೆಲ್‌ನಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಎಎಂಡಿಯ ರೈಝೆನ್ 5 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ರೈಝೆನ್ 7000 ಸರಣಿಯಲ್ಲಿ ‘ಎಫ್’ ಇಲ್ಲದವುಗಳಲ್ಲಿ ಚಿಕ್ಕದಾದರೂ ಒಂದು ಇದೆ. ಹೊಸದಾಗಿ ಕಂಪ್ಯೂಟರ್ ಅಸೆಂಬಲ್ ಮಾಡಿಸುತ್ತಿದ್ದು, ಸಣ್ಣಪುಟ್ಟ ಆಟಗಳೂ ಬೇಕೆಂದರೆ, ರೈಝೆನ್ 5 8600ಜಿ ಅಥವಾ ರೈಝೆನ್ 7 8700ಜಿ ತೆಗೆದುಕೊಂಡು ಕಾರ್ಡನ್ನೇ ಬಿಟ್ಟುಬಿಡುವುದು ಜಾಣತನ. ಇವುಗಳ ಗ್ರಾಫಿಕ್ಸ್ ಜಿಟಿ 1030 ಕಾರ್ಡನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಒಂದು ಷರತ್ತಿದೆ: ರ್‍ಯಾಮ್ ಅನ್ನು ಒಂದೇ ದೊಡ್ಡ ಸ್ಟಿಕ್ ಆಗಿ ಹಾಕಿಸಬೇಡಿ, ಎರಡಾಗಿ ಹಾಕಿಸಿ. ಒಳಗಿನ ಗ್ರಾಫಿಕ್ಸ್ ಆ ರ್‍ಯಾಮನ್ನೇ ಬಳಸುವುದರಿಂದ ಒಂದೇ ಸ್ಟಿಕ್ ಇದ್ದರೆ ವೇಗ ಕಣ್ಣಿಗೆ ಕಾಣುವಷ್ಟು ಕುಸಿಯುತ್ತದೆ.

ಎರಡನೆಯ ಹೆಜ್ಜೆ: ಸದ್ದು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚಿ

ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆಯಿರಿ. ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಪ್ರೊಸೆಸರ್ ಫ್ಯಾನ್, ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ), ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಇವುಗಳ ಹತ್ತಿರ ಒಯ್ಯಿರಿ. ತಿರುಗುವ ರೆಕ್ಕೆಗೆ ತಾಗಿಸಬೇಡಿ. ಅನೇಕ ಮನೆಗಳಲ್ಲಿ ಅಪರಾಧಿ ಗ್ರಾಫಿಕ್ಸ್ ಕಾರ್ಡ್ ಅಲ್ಲ, ಪ್ರೊಸೆಸರ್ ಜೊತೆ ಪೆಟ್ಟಿಗೆಯಲ್ಲಿ ಬಂದ ಪುಟ್ಟ ಕೂಲರ್ ಅಥವಾ ಅಗ್ಗದ ಎಸ್‌ಎಂಪಿಎಸ್. ಅವು ಸದ್ದು ಮಾಡುತ್ತಿದ್ದರೆ ಕಾರ್ಡ್ ಬದಲಿಸಿ ಪ್ರಯೋಜನವಿಲ್ಲ.

ಫ್ಯಾನಿನ ಗುಂಯ್ ಸದ್ದಲ್ಲದೆ, ಆಟ ಆಡುವಾಗ ಮಾತ್ರ ಕೇಳಿಬರುವ ಸಣ್ಣ ಚೀರು ದನಿಯೂ ಒಂದಿದೆ. ಅದು ಕಾರ್ಡಿಗೆ ವಿದ್ಯುತ್ ಹಂಚುವ ತಂತಿಸುರುಳಿಗಳ ಕಂಪನ. ಫ್ಯಾನ್ ಇಲ್ಲದ ಕಾರ್ಡಿನಲ್ಲೂ ಅದು ಇರಬಹುದು. ಉಳಿದೆಲ್ಲ ನಿಶ್ಶಬ್ದವಾದ ಮೇಲೆ ಇನ್ನೂ ಚೆನ್ನಾಗಿ ಕೇಳುತ್ತದೆ ಕೂಡ.

ಮೂರನೆಯ ಹೆಜ್ಜೆ: ಕೋಣೆಯ ಸೆಖೆಯನ್ನು ಲೆಕ್ಕಕ್ಕೆ ತನ್ನಿ

ಇಡೀ ಆಯ್ಕೆಯಲ್ಲಿ ಇದೇ ಮುಖ್ಯ, ನಮ್ಮ ಕಡೆಯ ಕೊಳ್ಳುಗರು ಹೆಚ್ಚಾಗಿ ಮರೆಯುವುದೂ ಇದನ್ನೇ.

ಹೀಟ್ ಸಿಂಕ್ ತನ್ನ ಸುತ್ತಲಿನ ಗಾಳಿಗಿಂತ ಇಷ್ಟು ಡಿಗ್ರಿ ಬಿಸಿಯಾಗಿರುತ್ತದೆ ಎಂಬುದು ಹೆಚ್ಚು ಕಡಿಮೆ ನಿಶ್ಚಿತ. ಗಾಳಿ 10 ಡಿಗ್ರಿ ಬಿಸಿಯಾದರೆ ಕಾರ್ಡೂ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ಯುರೋಪಿನ ವಿಮರ್ಶಕರೊಬ್ಬರು 22 ಡಿಗ್ರಿಯ ಕೋಣೆಯಲ್ಲಿ ಕೂತು ‘ಈ ಕಾರ್ಡ್ 70 ಡಿಗ್ರಿಯಲ್ಲಿ ನಿಂತಿತು’ ಎಂದು ಬರೆದರೆ, ಅದು ಗಾಳಿಗಿಂತ 48 ಡಿಗ್ರಿ ಮೇಲಿದೆ ಎಂದರ್ಥ. ಅದೇ ಕಾರ್ಡನ್ನು ಮೇ ತಿಂಗಳ ರಾಯಚೂರಿನಲ್ಲೋ ಕಲಬುರಗಿಯಲ್ಲೋ 40 ಡಿಗ್ರಿಯ ಕೋಣೆಯಲ್ಲಿಟ್ಟರೆ ಲೆಕ್ಕ 88ಕ್ಕೆ ಹೋಗುತ್ತದೆ. ಗ್ರಾಫಿಕ್ಸ್ ಚಿಪ್ಪುಗಳು 90 ಡಿಗ್ರಿ ದಾಟಿದ ಮೇಲೆ ತಮ್ಮನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸತೊಡಗುತ್ತವೆ. ಬೆಂಗಳೂರು ತಂಪು ಎಂದು ನಂಬಿ ಕೂರುವಂತೆಯೂ ಇಲ್ಲ; 2016ರ ಏಪ್ರಿಲ್‌ನಲ್ಲಿ ಅಲ್ಲಿಯೇ 39 ಡಿಗ್ರಿ ದಾಟಿತ್ತು.

ಹಾಗಾಗಿ ವಿಮರ್ಶೆ ಓದುವಾಗ ಕಾರ್ಡಿನ ತಾಪಮಾನವೊಂದನ್ನೇ ನೋಡಬೇಡಿ, ಪರೀಕ್ಷಿಸಿದ ಕೋಣೆಯ ತಾಪಮಾನವನ್ನೂ ಹುಡುಕಿ. ಎರಡರ ವ್ಯತ್ಯಾಸವನ್ನು ನಿಮ್ಮ ಕೋಣೆಯ ಬೇಸಿಗೆಯ ತಾಪಮಾನಕ್ಕೆ ಕೂಡಿಸಿ. ಮೊತ್ತ 85 ದಾಟಿದರೆ ಆ ಕಾರ್ಡ್ ನಿಮಗಲ್ಲ. ಪರೀಕ್ಷೆ ನಡೆದದ್ದು ತೆರೆದ ಮೇಜಿನ ಮೇಲಾದರೆ ಇನ್ನೂ ಕೆಲವು ಡಿಗ್ರಿ ಸೇರಿಸಿಕೊಳ್ಳಿ, ಮುಚ್ಚಿದ ಕ್ಯಾಬಿನೆಟ್ಟಿನ ಒಳಗಿನ ಗಾಳಿ ಕೋಣೆಯ ಗಾಳಿಗಿಂತ ಬಿಸಿಯಿರುತ್ತದೆ.

ಇನ್ನೊಂದು ಮಾತು ರೆಕಾರ್ಡಿಂಗ್ ಮಾಡುವವರಿಗೆ. ಛಾವಣಿಯ ಫ್ಯಾನ್ ತಿರುಗುತ್ತಿರುವಾಗ ಕಂಪ್ಯೂಟರಿನ ಸಣ್ಣ ಸದ್ದು ಯಾರಿಗೂ ಕೇಳಿಸುವುದಿಲ್ಲ. ಮೈಕ್ ಮುಂದೆ ಕೂತಾಗ ಆ ಫ್ಯಾನನ್ನು ಆರಿಸುತ್ತೀರಿ, ಕಿಟಕಿ ಬಾಗಿಲು ಮುಚ್ಚುತ್ತೀರಿ. ಆಗ ಕೋಣೆಯ ಗಾಳಿ ನಿಂತುಹೋಗುತ್ತದೆ, ಸೆಖೆ ಏರುತ್ತದೆ. ಅಂದರೆ ನಿಮಗೆ ನಿಶ್ಶಬ್ದ ಅತ್ಯಂತ ಅಗತ್ಯವಾದ ಹೊತ್ತೇ ಕಾರ್ಡಿಗೆ ಅತ್ಯಂತ ಕಷ್ಟದ ಹೊತ್ತು. ನಿಮ್ಮ ಲೆಕ್ಕವನ್ನು ಆ ಮುಚ್ಚಿದ ಕೋಣೆಯ ತಾಪಮಾನದಿಂದ ಮಾಡಿ. ಒಂದು ಸಾಧಾರಣ ಥರ್ಮಾಮೀಟರನ್ನು ಮೇಜಿನ ಮೇಲಿಟ್ಟು ರೆಕಾರ್ಡಿಂಗ್ ಮುಗಿಯುವ ಹೊತ್ತಿಗೆ ಎಷ್ಟಿದೆ ಎಂದು ನೋಡಿದರೆ ಸಾಕು. ಸಮಾಧಾನದ ಸಂಗತಿಯೆಂದರೆ ಧ್ವನಿ ರೆಕಾರ್ಡ್ ಮಾಡುವಾಗ ಗ್ರಾಫಿಕ್ಸ್ ಕಾರ್ಡಿಗೆ ಕೆಲಸವೇ ಇರುವುದಿಲ್ಲ. 20-30 ವ್ಯಾಟಿನ ಚಿಕ್ಕ ಕಾರ್ಡ್ ಆ ಸ್ಥಿತಿಯಲ್ಲಿ ತಣ್ಣಗೇ ಇರುತ್ತದೆ.

ನಾಲ್ಕನೆಯ ಹೆಜ್ಜೆ: ವ್ಯಾಟ್ ನೋಡಿ ಕಾರ್ಡ್ ಆರಿಸಿ

ಫ್ಯಾನ್ ಇಲ್ಲದ ಕಾರ್ಡುಗಳು 75 ವ್ಯಾಟಿನ ಗೆರೆಯನ್ನು ದಾಟುವುದು ಅಪರೂಪ. ಮದರ್‌ಬೋರ್ಡಿನ ದೊಡ್ಡ ಸ್ಲಾಟ್ ಕೊಡಬಲ್ಲ ವಿದ್ಯುತ್ ಅಷ್ಟೇ. ಅದರೊಳಗೆ ನಿಂತರೆ ಎಸ್‌ಎಂಪಿಎಸ್‌ನಿಂದ ಬೇರೆ ವಯರ್ ಎಳೆಯಬೇಕಿಲ್ಲ.

ಅತಿ ಕೆಳಗಿನ ಮೆಟ್ಟಿಲಿನಲ್ಲಿ ಎನ್‌ವಿಡಿಯಾದ ಜಿಟಿ 710 ಇದೆ, 19 ವ್ಯಾಟ್. ಎಂಥ ಸೆಖೆಯಲ್ಲೂ ನಡೆಯುತ್ತದೆ. ಆದರೆ ಇದರ ಮತ್ತು ಜಿಟಿ 730ರ ಚಿಪ್ ತುಂಬ ಹಳೆಯದು. ಈ ತಲೆಮಾರಿಗೆ ಎನ್‌ವಿಡಿಯಾ ಭದ್ರತಾ ಅಪ್‌ಡೇಟ್‌ಗಳನ್ನೂ 2024ರಲ್ಲಿ ನಿಲ್ಲಿಸಿತು. 4ಕೆ ಪರದೆಯನ್ನು 60 ಹರ್ಟ್ಸ್‌ನಲ್ಲಿ ನಡೆಸುವ ಶಕ್ತಿಯೂ ಇದಕ್ಕಿಲ್ಲ. ಹಾಳಾದ ಕಾರ್ಡಿನ ಜಾಗದಲ್ಲಿ ಚಿತ್ರ ಬಂದರೆ ಸಾಕು ಎನ್ನುವ ಹಳೆಯ ಯಂತ್ರಕ್ಕೆ ಬಿಟ್ಟರೆ ಇದನ್ನು ಯಾರಿಗೂ ಹೇಳಲಾರೆ.

ಅದರ ಮೇಲೆ ಜಿಟಿ 1030. 2017ರಲ್ಲಿ ಬಂದದ್ದು, 30 ವ್ಯಾಟ್. ಏಸುಸ್, ಗಿಗಾಬೈಟ್ ಮುಂತಾದವರು ಇದನ್ನು ಫ್ಯಾನ್ ಇಲ್ಲದೆ, ಅರ್ಧ ಎತ್ತರದ ಕಾರ್ಡಾಗಿ ಮಾಡಿದ್ದಾರೆ. 4ಕೆ ಮಾನಿಟರನ್ನು 60 ಹರ್ಟ್ಸ್‌ನಲ್ಲಿ ನಡೆಸುತ್ತದೆ, ಎಚ್‌ಇವಿಸಿ ಮತ್ತು ವಿಪಿ9 ಎಂಬ ಬಗೆಯ ವಿಡಿಯೊಗಳನ್ನು ಬಿಡಿಸುತ್ತದೆ, ಎವಿ1 ಬಾರದು. ವಿಡಿಯೊವನ್ನು ವೇಗವಾಗಿ ಎನ್‌ಕೋಡ್ ಮಾಡಿಕೊಡುವ (ಕುಗ್ಗಿಸಿ ಕಡತವಾಗಿಸುವ) ಭಾಗವೂ ಇದರಲ್ಲಿಲ್ಲ. ಯೂಟ್ಯೂಬ್‌ಗೆ ವಿಡಿಯೊ ಎಡಿಟ್ ಮಾಡುವವರು ಇದನ್ನು ಗಮನಿಸಬೇಕು. ಎನ್‌ವಿಡಿಯಾ ಈ ತಲೆಮಾರಿಗೆ ಹೊಸ ಗೇಮ್ ಡ್ರೈವರ್‌ಗಳನ್ನು (ಕಾರ್ಡ್ ನಡೆಸುವ ಸಾಫ್ಟ್‌ವೇರ್) 2025ರಲ್ಲಿ ನಿಲ್ಲಿಸಿದೆ, ಭದ್ರತಾ ಅಪ್‌ಡೇಟ್‌ಗಳನ್ನು 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಹೇಳಿದೆ. ಹೊಸದಾಗಿ ಕೊಳ್ಳುವವರು ಆ ದಿನಾಂಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೆಲೆ ಮಾತಾಡಬೇಕು. ಒಳಗೆ ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ಈಗಾಗಲೇ ಮನೆಯಲ್ಲಿದ್ದು, ಆಟದ ಗೊಡವೆ ಇಲ್ಲದವರಿಗೆ ಈಗಲೂ ಇದು ತಕ್ಕ ಕಾರ್ಡ್.

ಮೇಲಿನ ತುದಿಯಲ್ಲಿ ಪ್ಯಾಲಿಟ್ ಕಂಪನಿಯ ಕಾಮ್‌ಎಕ್ಸ್ ಸರಣಿ ಇದೆ. ಫ್ಯಾನ್ ಇಲ್ಲದೆ ಆಟ ಆಡಬಲ್ಲ ಕಾರ್ಡುಗಳನ್ನು ಬಿಡದೆ ಮಾಡಿಕೊಂಡು ಬಂದವರು ಇವರು: ಜಿಟಿಎಕ್ಸ್ 750 ಟಿಐ, 1050 ಟಿಐ, 1650, ಆಮೇಲೆ 2024ರಲ್ಲಿ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. ಈ ಕೊನೆಯದು 70 ವ್ಯಾಟ್; ಎವಿ1 ಬಿಡಿಸುತ್ತದೆ, ವಿಡಿಯೊ ಎಡಿಟಿಂಗ್‌ಗೆ ನಿಜವಾಗಿ ನೆರವಾಗುತ್ತದೆ. ನನ್ನನ್ನು ಕೇಳಿದರೆ ಈ ವರ್ಗದಲ್ಲಿ ಮನಸ್ಸಿಟ್ಟು ಕೊಳ್ಳಬಹುದಾದ ಕಾರ್ಡ್ ಇದೊಂದೇ. ಹೆಸರಿನಲ್ಲಿ ಮೋಸಹೋಗಬೇಡಿ: ಆರ್‌ಟಿಎಕ್ಸ್ 3050ರ 8 ಜಿಬಿ ಮಾದರಿ ಬೇರೆಯೇ, ಅದು 130 ವ್ಯಾಟ್ ತಿನ್ನುತ್ತದೆ. ಕಾಮ್‌ಎಕ್ಸ್ ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಮಾಲಲ್ಲ. ಹೊರದೇಶದಿಂದ ತರಿಸಿದರೆ ಸುಂಕ ಬೀಳುತ್ತದೆ, ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಬೇಕು. ಅಮೆರಿಕ, ಜರ್ಮನಿಯಂಥ ಕಡೆ ಇರುವ ಬಂಧುಗಳ ಕೈಲಿ ತರಿಸಿಕೊಳ್ಳುವವರಿಗೂ ಇದೇ ಮಾತು.

70 ವ್ಯಾಟಿನ ಈ ಕಾರ್ಡನ್ನು ಎಸಿ ಇಲ್ಲದ ಬಯಲುಸೀಮೆಯ ಕೋಣೆಯಲ್ಲಿ, ಒಂದೂ ಫ್ಯಾನ್ ಇಲ್ಲದ ಕ್ಯಾಬಿನೆಟ್ಟಿನಲ್ಲಿ ಆಟಕ್ಕೆ ಬಳಸುವ ಯೋಚನೆಯನ್ನು ಬಿಟ್ಟುಬಿಡಿ. ಮಡಿಕೇರಿಯಲ್ಲಿ ನಡೆದೀತು.

ಐದನೆಯ ಹೆಜ್ಜೆ: ಕ್ಯಾಬಿನೆಟ್ ಅಳೆಯಿರಿ, ಹೀಟ್ ಸಿಂಕಿನ ಮುಖ ನೋಡಿ

ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ನಿಂತಿರುವ ಸಾಧಾರಣ ಕ್ಯಾಬಿನೆಟ್ಟಿನಲ್ಲಿ ಕಾರ್ಡ್ ಅಡ್ಡಡ್ಡವಾಗಿ, ಹೀಟ್ ಸಿಂಕ್ ಕೆಳಮುಖವಾಗಿ ಕೂರುತ್ತದೆ. ಮೇಲೇಳಬೇಕಾದ ಬಿಸಿ ಗಾಳಿಗೆ ಕಾರ್ಡಿನ ಹಲಗೆಯೇ ಅಡ್ಡ ಬರುತ್ತದೆ. ಟಿವಿ ಕೆಳಗೆ ಮಲಗಿಸಿ ಇಡುವ ಚಪ್ಪಟೆ ಕ್ಯಾಬಿನೆಟ್ಟಿನಲ್ಲಿ ಅದೇ ಕಾರ್ಡ್ ನೆಟ್ಟಗೆ ನಿಲ್ಲುವುದರಿಂದ ರೆಕ್ಕೆಗಳ ನಡುವೆ ಗಾಳಿ ತಾನಾಗಿ ಮೇಲಕ್ಕೆ ಹರಿಯುತ್ತದೆ, ಅದರ ನೆತ್ತಿಯಲ್ಲಿ ರಂಧ್ರಗಳಿದ್ದರೆ ಮಾತ್ರ. ಕೆಲವು ಕ್ಯಾಬಿನೆಟ್ಟುಗಳಲ್ಲಿ ಸ್ಲಾಟಿಗೂ ಕಾರ್ಡಿಗೂ ನಡುವೆ ರೈಸರ್ ಕೇಬಲ್ ಹಾಕಿ ಕಾರ್ಡನ್ನು ನೆಟ್ಟಗೆ ನಿಲ್ಲಿಸಬಹುದು. ಗಾಜಿಗೆ ಅಂಟಿದಂತೆ ನಿಲ್ಲಿಸಿದರೆ ಆ ಲಾಭವೂ ಹೋಗುತ್ತದೆ.

ಕೊಳ್ಳುವ ಮುನ್ನ ಸ್ಕೇಲ್ ಹಿಡಿದು ಮೂರು ಅಳತೆ ತೆಗೆದುಕೊಳ್ಳಿ. ಸ್ಲಾಟಿನಿಂದ ಮುಂಭಾಗದವರೆಗಿನ ಉದ್ದ. ಸ್ಲಾಟಿನಿಂದ ಪಕ್ಕದ ತಗಡಿನವರೆಗಿನ ಅಂತರ. ದೊಡ್ಡ ಹೀಟ್ ಸಿಂಕ್ ಇರುವ ಕಾರ್ಡುಗಳು, ಅವುಗಳನ್ನು ಕ್ಯಾಬಿನೆಟ್ಟಿನ ಹಿಂಬದಿಗೆ ಬಿಗಿಯುವ ಲೋಹದ ಪಟ್ಟಿಗಿಂತ ಆಚೆಗೆ ಚಾಚಿರುತ್ತವೆ, ತಗಡು ಮುಚ್ಚದೇ ಹೋಗಬಹುದು. ಕೊನೆಯದಾಗಿ ಸ್ಲಾಟಿನ ಕೆಳಗಿನ ಜಾಗ: ಕಾರ್ಡ್ ಎರಡು ಸ್ಲಾಟ್ ದಪ್ಪವಿದ್ದರೆ ಮೂರನೆಯದನ್ನು ಖಾಲಿ ಬಿಡಬೇಕು, ವೈಫೈ ಕಾರ್ಡನ್ನೋ ಸೌಂಡ್ ಕಾರ್ಡನ್ನೋ ಅದಕ್ಕೆ ಒತ್ತಿ ಹಾಕಬಾರದು. ಕಡತಗಳನ್ನು ಇಡುವ ಪುಟ್ಟ ಹಲಗೆಯಾದ ಎಂ.2 ಎಸ್‌ಎಸ್‌ಡಿ ಅನೇಕ ಮದರ್‌ಬೋರ್ಡುಗಳಲ್ಲಿ ಇದೇ ಕಾರ್ಡಿನ ಅಡಿಯಲ್ಲಿ ಇರುತ್ತದೆ. ಕಾರ್ಡಿನ ಶಾಖವನ್ನೆಲ್ಲ ಅದು ಕುಡಿಯಬೇಕಾಗುತ್ತದೆ. ಬೇರೆ ಎಂ.2 ಜಾಗವಿದ್ದರೆ ಅಲ್ಲಿಗೆ ಬದಲಿಸಿ.

ಇನ್ನು ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಸಲಹೆ: ಕ್ಯಾಬಿನೆಟ್ಟಿಗೆ 120 ಅಥವಾ 140 ಮಿಲಿಮೀಟರಿನ ಒಂದು ಒಳ್ಳೆಯ ಫ್ಯಾನ್ ಹಾಕಿ, ನಿಮಿಷಕ್ಕೆ 500-600 ಸುತ್ತಿನಲ್ಲಿ ನಿಧಾನವಾಗಿ ತಿರುಗಿಸಿ. ಆ ವೇಗದಲ್ಲಿ ಅದರ ಸದ್ದು ಮೀಟರ್ ದೂರದಲ್ಲಿ ಕೇಳುವುದೇ ಕಷ್ಟ. ನಿಂತ ಗಾಳಿಗೂ ಮೆಲ್ಲಗೆ ಚಲಿಸುವ ಗಾಳಿಗೂ ಇರುವ ಅಂತರ ಹೀಟ್ ಸಿಂಕಿಗೆ ಬಹಳ ದೊಡ್ಡದು. ಪೂರ್ತಿ ಫ್ಯಾನ್‌ರಹಿತ ಯಂತ್ರ ಬೇಕೆಂಬ ಹಟ ಹಿಡಿದವರಿಗೆ ಪ್ರೊಸೆಸರ್ ಮೇಲೆ ನೋಕ್ಟುವಾ ಎನ್‌ಎಚ್-ಪಿ1ನಂಥ ಬೃಹತ್ ಹೀಟ್ ಸಿಂಕುಗಳು, ಫ್ಯಾನ್ ಇಲ್ಲದ ಎಸ್‌ಎಂಪಿಎಸ್‌ಗಳು ಇವೆ. ಆದರೆ ಕರ್ನಾಟಕದ ಬೇಸಿಗೆಯಲ್ಲಿ ಆ ಒಂದು ನಿಧಾನದ ಫ್ಯಾನ್ ಇಟ್ಟುಕೊಂಡವರೇ ನೆಮ್ಮದಿಯಾಗಿರುತ್ತಾರೆ.

ಫ್ಯಾನ್ ಇದ್ದೂ ತಿರುಗದ ಕಾರ್ಡುಗಳು

ಹೆಚ್ಚು ಶಕ್ತಿ ಬೇಕಾದವರಿಗೆ ನಡುವಿನ ದಾರಿಯೊಂದಿದೆ. ಆರ್‌ಟಿಎಕ್ಸ್ 4060ರಂಥ 115 ವ್ಯಾಟಿನ ಕಾರ್ಡುಗಳ ಅನೇಕ ಮಾದರಿಗಳಲ್ಲಿ, ಚಿಪ್ ಸುಮಾರು 50-60 ಡಿಗ್ರಿಗಿಂತ ಕೆಳಗಿರುವವರೆಗೆ ಫ್ಯಾನ್ ಪೂರ್ತಿ ನಿಂತಿರುತ್ತದೆ. ಏಸುಸ್ ಇದನ್ನು 0ಡಿಬಿ ಎನ್ನುತ್ತದೆ, ಎಂಎಸ್ಐ ಝೀರೊ ಫ್ರೋಝರ್ ಎನ್ನುತ್ತದೆ. ಬರೆಯುವಾಗ, ರೆಕಾರ್ಡ್ ಮಾಡುವಾಗ ನಿಶ್ಶಬ್ದ. ಆಟ ಶುರುವಾದಾಗ ಫ್ಯಾನ್. ಹಗಲು ಕೆಲಸ, ರಾತ್ರಿ ಆಟ ಎನ್ನುವ ಮನೆಗೆ ಇದೇ ಸರಿ. ಒಂದೇ ಚಿಪ್ಪಿನ ಎಲ್ಲ ಮಾದರಿಗಳಲ್ಲೂ ಈ ಸೌಲಭ್ಯ ಇರುವುದಿಲ್ಲ, ಅಗ್ಗದ ಮಾದರಿಯಲ್ಲಿ ಫ್ಯಾನ್ ಸದಾ ತಿರುಗುತ್ತಿರಬಹುದು. ಹೆಸರಿಟ್ಟು ಕೇಳಿ. ಸೆಖೆಯ ಕೋಣೆಯಲ್ಲಿ ಫ್ಯಾನ್ ಪದೇ ಪದೇ ಎದ್ದು ಕೂತು ಮಾಡುವುದೂ ಇದೆ. ಅದು ಒಂದೇ ಸಮನೆ ತಿರುಗುವುದಕ್ಕಿಂತ ಹೆಚ್ಚು ಕಿರಿಕಿರಿ. ಎಂಎಸ್ಐ ಆಫ್ಟರ್‌ಬರ್ನರ್‌ನಂಥ ಸಾಫ್ಟ್‌ವೇರ್‌ನಲ್ಲಿ ಫ್ಯಾನ್ ಏಳುವ ತಾಪಮಾನವನ್ನು ಕೊಂಚ ಏರಿಸಿದರೆ ಸರಿಹೋಗುತ್ತದೆ.

ಆರನೆಯ ಹೆಜ್ಜೆ: ಅಂಗಡಿಯಲ್ಲಿ ಮಾದರಿ ಸಂಖ್ಯೆ ಓದಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಪೆಟ್ಟಿಗೆಯ ಮೇಲಿನ ದಪ್ಪ ಅಕ್ಷರ ನೋಡಿ ದುಡ್ಡು ಕೊಡಬೇಡಿ.

ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಎರಡು ಕಾರ್ಡುಗಳಿವೆ. ಮೊದಲು ಬಂದದ್ದರಲ್ಲಿ ಜಿಡಿಡಿಆರ್5 ಮೆಮೊರಿ, ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ. 2018ರಲ್ಲಿ ಬಂದದ್ದರಲ್ಲಿ ಡಿಡಿಆರ್4, ಸುಮಾರು 17 ಜಿಬಿ ಮಾತ್ರ. ವಿಡಿಯೊ ನೋಡಲು ಎರಡೂ ಸರಿ, ಆಟದಲ್ಲಿ ಎರಡನೆಯದು ತೀರಾ ಹಿಂದೆ ಬೀಳುತ್ತದೆ. ಮಾದರಿ ಸಂಖ್ಯೆಯಲ್ಲಿ ‘ಡಿ4’ ಇದ್ದರೆ ಅದು ಎರಡನೆಯದು. ಹೆಸರು ಬದಲಿಸದೆ ಒಳಗಿನ ಸರಕನ್ನು ಹೀಗೆ ಬದಲಿಸಿದ್ದು ತಪ್ಪು, ಅದನ್ನು ಸಹಜ ಎಂದು ಒಪ್ಪಿಕೊಳ್ಳಬೇಕಾಗಿಲ್ಲ. ಜಿಟಿ 730 ಇನ್ನೂ ಗೋಜಲು: 96 ಕೋರ್‌ಗಳ 49 ವ್ಯಾಟಿನ ಹಳೆಯ ಚಿಪ್ಪೂ ಅದೇ ಹೆಸರಿನಲ್ಲಿದೆ, 384 ಕೋರ್‌ಗಳ 25 ವ್ಯಾಟಿನದೂ ಅದೇ ಹೆಸರಿನಲ್ಲಿದೆ.

ಸೆಕೆಂಡ್ ಹ್ಯಾಂಡ್ ಮಾರಾಟದಲ್ಲಿ ‘ಫ್ಯಾನ್ ಇಲ್ಲದ ಶಕ್ತಿಶಾಲಿ ಕಾರ್ಡ್’ ಎಂದು ಎನ್‌ವಿಡಿಯಾದ ಟೆಸ್ಲಾ ಕೆ80, ಪಿ40ಗಳು ಕಾಣಸಿಗುತ್ತವೆ. ಮನೆಗೆ ಇವು ಬೇಡ. 250, 300 ವ್ಯಾಟಿನ ಈ ಕಾರ್ಡುಗಳಿಗೆ ಫ್ಯಾನ್ ಇಲ್ಲದಿರುವುದು ಸರ್ವರ್ ಪೆಟ್ಟಿಗೆಯ ಅಬ್ಬರದ ಫ್ಯಾನುಗಳು ಗಾಳಿ ನುಗ್ಗಿಸುತ್ತವೆ ಎಂಬ ಭರವಸೆಯಿಂದ. ಮಾನಿಟರ್ ಜೋಡಿಸುವ ಪೋರ್ಟ್ ಕೂಡ ಅವುಗಳಲ್ಲಿಲ್ಲ.

ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದು ಮಾರುವ ನಕಲಿ ಕಾರ್ಡುಗಳೂ ಇವೆ. ಜಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದರೆ ಚಿಪ್ಪಿನ ನಿಜ ಹೆಸರು, ಮೆಮೊರಿ ಬಗೆ ಕಾಣುತ್ತದೆ. ಜಿಎಸ್‌ಟಿ ಬಿಲ್ ಪಡೆಯಿರಿ, ಅದರಲ್ಲಿ ಸೀರಿಯಲ್ ಸಂಖ್ಯೆ ಬರೆಸಿ.

ಏಳನೆಯ ಹೆಜ್ಜೆ: ಗಂಟೆ ಹೊತ್ತು ಪರೀಕ್ಷಿಸಿ

ಯಂತ್ರ ಆರಿಸಿ, ಪ್ಲಗ್ ಕಿತ್ತು, ಲೋಹದ ಚೌಕಟ್ಟು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಂಡು ಕಾರ್ಡ್ ಕೂರಿಸಿ. ಅರ್ಧ ಎತ್ತರದ ಕ್ಯಾಬಿನೆಟ್ ಆದರೆ ಜೊತೆಗೆ ಬಂದ ಚಿಕ್ಕ ಪಟ್ಟಿಯನ್ನು ಮೊದಲೇ ಬದಲಿಸಿಕೊಳ್ಳಿ.

ಲೋಹದ ದಪ್ಪ ಹೀಟ್ ಸಿಂಕ್ ನಿಧಾನವಾಗಿ ಬಿಸಿಯಾಗುತ್ತದೆ. ಐದು ನಿಮಿಷ ನೋಡಿ ‘60 ಡಿಗ್ರಿ, ಪರವಾಗಿಲ್ಲ’ ಎಂದು ಎದ್ದುಹೋಗಬೇಡಿ. ಅಸಲಿ ಅಂಕಿ ಬರಲು ಅರ್ಧ ಗಂಟೆ, ಮುಕ್ಕಾಲು ಗಂಟೆ ಬೇಕಾಗಬಹುದು. ಪಕ್ಕದ ತಗಡು ಮುಚ್ಚಿ, ನೀವು ದಿನವೂ ಮಾಡುವ ಅತಿ ಭಾರದ ಕೆಲಸವನ್ನೇ ಕೊಡಿ. ಎಚ್‌ಡಬ್ಲ್ಯೂಇನ್ಫೊ ಎಂಬ ಸಾಫ್ಟ್‌ವೇರ್‌ನಲ್ಲಿ ಕಾರ್ಡಿನ ಜೊತೆ ಎಸ್‌ಎಸ್‌ಡಿ ಮತ್ತು ಪ್ರೊಸೆಸರ್ ತಾಪಮಾನವನ್ನೂ ಗಮನಿಸಿ. ಫರ್‌ಮಾರ್ಕ್‌ನಂಥ ಪರೀಕ್ಷೆ ಕಾರ್ಡನ್ನು ನಿಜ ಬಳಕೆಗಿಂತ ಹೆಚ್ಚು ಕಾಯಿಸುತ್ತದೆ. ಬೇಕಾದರೆ ಕೆಲವು ನಿಮಿಷ, ಕಣ್ಣಿಟ್ಟು.

ಚಳಿಗಾಲದಲ್ಲಿ ಕೊಂಡವರು ಇಂದಿನ ಅಂಕಿಗೆ ಬೇಸಿಗೆಯ ವ್ಯತ್ಯಾಸ ಸೇರಿಸಿಕೊಳ್ಳಬೇಕು. ಹೆಚ್ಚಾಯಿತೆನಿಸಿದರೆ ಮೊದಲು ಡ್ರೈವರ್ ಸೆಟ್ಟಿಂಗ್‌ನಲ್ಲಿ ಆಟದ ಫ್ರೇಮ್ ವೇಗವನ್ನು ಸೆಕೆಂಡಿಗೆ 60ಕ್ಕೋ 40ಕ್ಕೋ ಕಟ್ಟಿಹಾಕಿ, ಶಾಖ ಇಳಿಯುವುದು ಆಗಲೇ ಕಾಣುತ್ತದೆ. ಕಾರ್ಡ್ ಅವಕಾಶ ಕೊಟ್ಟರೆ ಆಫ್ಟರ್‌ಬರ್ನರ್‌ನಲ್ಲಿ ವ್ಯಾಟ್ ಮಿತಿಯನ್ನೂ ಕೊಂಚ ತಗ್ಗಿಸಬಹುದು. ಅಷ್ಟಕ್ಕೂ ಬಗ್ಗದಿದ್ದರೆ ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಕೊಟ್ಟುಬಿಡಿ.

ಉಳಿದದ್ದು ಧೂಳು. ಫ್ಯಾನ್ ಇಲ್ಲದ ಕಾರ್ಡ್ ಧೂಳನ್ನು ತಾನಾಗಿ ಎಳೆದುಕೊಳ್ಳುವುದಿಲ್ಲ, ಆದರೆ ರೆಕ್ಕೆಗಳ ಮೇಲೆ ಬಂದು ಕೂತದ್ದನ್ನು ಊದಿ ಓಡಿಸುವವರೂ ಇಲ್ಲ. ಬಳ್ಳಾರಿ ಕಡೆಯಂಥ ಧೂಳಿನ ಊರಿನಲ್ಲಿ ಎರಡು ಮೂರು ತಿಂಗಳಿಗೊಮ್ಮೆ, ಉಳಿದೆಡೆ ವರ್ಷಕ್ಕೆರಡು ಸಲ, ಬೇಸಿಗೆ ಶುರುವಾಗುವ ಮೊದಲಂತೂ ತಪ್ಪದೆ, ಮೆತ್ತನೆಯ ಬ್ರಷ್‌ನಿಂದಲೋ ಕೈಬ್ಲೋವರ್‌ನಿಂದಲೋ ರೆಕ್ಕೆಗಳ ಸಂದುಗಳನ್ನು ಸ್ವಚ್ಛ ಮಾಡಿ. ಬ್ಲೋವರ್ ಬಿಡುವಾಗ ಕ್ಯಾಬಿನೆಟ್ ಫ್ಯಾನನ್ನು ಬೆರಳಿನಿಂದ ತಡೆದು ಹಿಡಿದಿರಿ, ಗಾಳಿಯ ಹೊಡೆತಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ.